ಓದುಗರ ಪ್ರಶ್ನೆ: ರೋಡ್‌ಕಿಂಗ್ ಬ್ಲಾಕಿಗೆ ಯಾವ ಸೈಜ್ ಪಿಸ್ಟನ್?

ಪ್ರಶ್ನೆ: ಸರ್, ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ಹದಿನೈದು ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿತ್ತು. ಈಗ ಇಂಜಿನ್ ಬಿಚ್ಚಿಸಿದ್ದೇನೆ. ಪಿಸ್ಟನ್ ಮೇಲೆ ಉದ್ದುದ್ದ ಗೀರುಗಳಿವೆ. ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್) ಇನ್ನೂ ಸ್ಟ್ಯಾಂಡರ್ಡ್ ಸೈಜ್‌ನಲ್ಲೇ ಇದೆ. ಒಬ್ಬ ಮೆಕ್ಯಾನಿಕ್ ಒಂದೇ ಸಲ 1 ಮಿ.ಮೀ. ದೊಡ್ಡದು ಹಾಕಿಸಿ, ಪಿಕಪ್ ಜಾಸ್ತಿ ಆಗುತ್ತೆ ಅಂತಾರೆ. ಇನ್ನೊಬ್ಬರು 0.25 ಸಾಕು ಅಂತಾರೆ. ಬ್ಲಾಕ್ ಬಿಸಾಕಿ ಹೊಸ ಬ್ಲಾಕ್-ಪಿಸ್ಟನ್ ಕಿಟ್ ಹಾಕೋದೇ ಒಳ್ಳೇದಾ?
– ಓದುಗರು, ಹಾಸನ

ಉತ್ತರ: ದಯವಿಟ್ಟು ಆ ಬ್ಲಾಕ್ ಬಿಸಾಕಬೇಡಿ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು, ಆ ಎರಕದ ಬ್ಲಾಕ್ ಮತ್ತೆ ಬರಲ್ಲ.

ಮೊದಲು ಪಿಕಪ್ ಮಾತು. ರೋಡ್‌ಕಿಂಗ್ ಬೋರ್ (ಸಿಲಿಂಡರಿನ ಒಳ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75. ಬೋರ್ 66 ಮಾಡಿದರೂ ಸುಮಾರು 249 ಸಿಸಿ ಇದ್ದದ್ದು 257ರ ಹತ್ತಿರ ಬರುತ್ತೆ, ಅಷ್ಟೇ. ಓಡಿಸುವಾಗ ಗೊತ್ತೂ ಆಗಲ್ಲ. ಆದರೆ ಮುಂದೆ ಮೂರು ಸಲ ಬೋರ್ ಮಾಡಿಸಲು, ಅಂದರೆ ಒಳಗೆ ಕೊರೆದು ದೊಡ್ಡದು ಮಾಡಿಸಲು, ಉಳಿಯುತ್ತಿದ್ದ ಕಬ್ಬಿಣ ಒಂದೇ ದಿನ ಲೇತ್ ಅಂಗಡಿಯ ನೆಲಕ್ಕೆ ಪುಡಿಯಾಗಿ ಬೀಳುತ್ತೆ.

ಯಾವ ಸೈಜ್ ಅನ್ನೋದನ್ನ ಬ್ಲಾಕೇ ಹೇಳಬೇಕು. ಒಳ ಅಗಲ ಅಳೆಯುವ ಬೋರ್ ಗೇಜ್ ಇರುವ ಕಡೆ ಕೊಟ್ಟು ಮೇಲೆ, ನಡುವೆ, ಕೆಳಗೆ, ಮೂರೂ ಕಡೆ ಎರಡೆರಡು ದಿಕ್ಕಿನಲ್ಲಿ ಅಳೆಸಿ. ಜಾಸ್ತಿ ಸವೆದಿರೋದು ಪಿಸ್ಟನ್ ರಿಂಗ್ ಓಡಾಡುವ ಜಾಗದ ಮೇಲ್ತುದಿಯಲ್ಲಿ, ಮತ್ತೆ ಹೊಗೆ ಸೈಲೆನ್ಸರ್‌ಗೆ ಹೋಗುವ ಕಿಂಡಿ, ಅಂದರೆ ಸೈಲೆನ್ಸರ್ ಪೋರ್ಟ್ ಸುತ್ತಮುತ್ತ. ಗೀರು ಪೂರ್ತಿ ಹೋಗುವ ಅತಿ ಚಿಕ್ಕ ಸೈಜ್ ಯಾವುದೋ ಅದೇ ನಿಮ್ಮದು. 0.25ಕ್ಕೆ ಹೋದರೆ 0.25, ಹೋಗದಿದ್ದರೆ 0.50.

ಇನ್ನೊಂದು ಮಾತು, ಇದನ್ನ ಮಾತ್ರ ಮರೀಬೇಡಿ: ಮೊದಲು ಪಿಸ್ಟನ್ ಕೈಗೆ ಬರಲಿ, ಆಮೇಲೆ ಬೋರ್. ನನ್ನ ಗಾಡಿಗೆ ಒಂದು ವರ್ಕ್‌ಶಾಪ್‌ನವರು ಪಿಸ್ಟನ್ ಬರೋಕೆ ಮುಂಚೆಯೇ, ಡಬ್ಬಿ ಮೇಲೆ ಬರೆಯೋ ಸೈಜ್ ಸರಿಯಿರುತ್ತೆ ಅಂತ ನಂಬಿ ಬೋರ್ ಮಾಡಿಟ್ಟಿದ್ದರು. ಹನ್ನೆರಡನೇ ಕಿಲೋಮೀಟರಿಗೆ ಇಂಜಿನ್ ಜಾಮ್, ಹಿಂದಿನ ಚಕ್ರ ಲಾಕ್ ಆಗಿ ರಸ್ತೆ ಮೇಲೆ ಕಪ್ಪು ಗೆರೆ. ಬಿಚ್ಚಿ ಮೈಕ್ರೋಮೀಟರ್ ಹಿಡಿದರೆ ಪಿಸ್ಟನ್ ಡಬ್ಬಿಯಲ್ಲಿ ಬರೆದದ್ದಕ್ಕಿಂತ ದಪ್ಪ ಇತ್ತು. ಹಾಗಾಗಿ ನಿಮ್ಮ ಪಿಸ್ಟನ್ನನ್ನೇ ಅಂಗಡಿಗೆ ತಗೊಂಡು ಹೋಗಿ. ಪಿನ್ನಿಗೆ ಅಡ್ಡವಾಗಿ, ಸ್ಕರ್ಟಿನ (ರಿಂಗುಗಳ ಕೆಳಗಿನ ಪಿಸ್ಟನ್ ಗೋಡೆ) ಕೆಳಭಾಗದಲ್ಲಿ ಅಳೆಸಿ, ಅದಕ್ಕೆ ತಯಾರಕರು ಹೇಳಿದ ಕ್ಲಿಯರೆನ್ಸ್ (ಪಿಸ್ಟನ್‌ಗೂ ಬ್ಲಾಕಿಗೂ ನಡುವೆ ಬಿಡುವ ಸಂದು) ಸೇರಿಸಿ ಬೋರ್ ಮಾಡಲಿ.

ಬೋರ್ ಆದ ಮೇಲೆ ಪೋರ್ಟಿನ ಅಂಚುಗಳು ಬ್ಲೇಡಿನ ಹಾಗೆ ಚೂಪಾಗಿರುತ್ತವೆ, ಬೆರಳಾಡಿಸಿದರೆ ತಿಳಿಯುತ್ತೆ. ಹಾಗೇ ಬಿಟ್ಟರೆ ರಿಂಗ್ ಸಿಕ್ಕಿ ಮುರಿಯುತ್ತೆ. ಸಣ್ಣ ಅರದಿಂದ ಆ ಚೂಪನ್ನು ಸ್ವಲ್ಪ ಉಜ್ಜಿಕೊಡಲು ಹೇಳಿ, ಹೋನಿಂಗ್ (ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ಹದ ಮಾಡೋದು) ಕೂಡ ಮಾಡಿಸಿ. ಪಿಸ್ಟನ್ ಇಲ್ಲದೆ ರಿಂಗನ್ನು ಮಾತ್ರ ಬ್ಲಾಕಿನೊಳಗೆ ನೆಟ್ಟಗೆ ಕೂರಿಸಿ, ಅದರ ಎರಡು ತುದಿಗಳ ನಡುವಿನ ಗ್ಯಾಪ್ ನೋಡಿ. ಈ ಬೋರಿಗೆ 0.2ರಿಂದ 0.3 ಮಿ.ಮೀ. ಇದ್ದರೆ ಸರಿ.

ಕೊನೆಗೆ, ಹಳೇ ಪಿಸ್ಟನ್ ಎಸೆಯೋ ಮುಂಚೆ ಬೆಳಕಿಗೆ ಹಿಡಿದು ನೋಡಿ. ಗೀರು ಯಾಕೆ ಬಿತ್ತು ಅಂತ ಹುಡುಕದೆ ಹೊಸದು ಹಾಕಿದರೆ ಅದೂ ಹಾಗೇ ಆಗುತ್ತೆ. ಕ್ರ್ಯಾಂಕ್ ಸೀಲ್‌ನಿಂದ (ಕ್ರ್ಯಾಂಕಿನ ಎರಡು ಪಕ್ಕದಲ್ಲಿ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಗಾಳಿ ಎಳೆದರೆ ಪೆಟ್ರೋಲ್ ಕಮ್ಮಿಯಾಗಿ, ಅದಕ್ಕೆ ಬೆರೆಸಿದ ಆಯಿಲ್ಲೂ ಕಮ್ಮಿಯಾಗಿ ಇಂಜಿನ್ ಕಾಯುತ್ತೆ. ಹದಿನೈದು ವರ್ಷ ನಿಂತ ಗಾಡಿ ಅಲ್ವಾ, ಸೀಲಿನ ರಬ್ಬರ್ ಗಟ್ಟಿಯಾಗಿರುತ್ತೆ. ಇಂಜಿನ್ ಬಿಚ್ಚಿರುವಾಗಲೇ ಎರಡೂ ಕಡೆಯ ಸೀಲ್ ಬದಲಾಯಿಸಿಬಿಡಿ.