ಗೇಟು ತೆರೆದ ಮೇಲೂ ಕರಗದ ಸಾಲು

(ಬೆಳಗಾವಿಯ ಟಿಳಕವಾಡಿಯಿಂದ ಓದುಗರೊಬ್ಬರು ಬರೆದಿದ್ದಾರೆ: ಎರಡನೇ ರೈಲ್ವೆ ಗೇಟು ಎಂಟು ನಿಮಿಷ ಮುಚ್ಚಿದರೆ ಅರ್ಧ ಗಂಟೆಯಾದರೂ ವಾಹನಗಳ ಸಾಲು ಕರಗುವುದಿಲ್ಲ, ಗೇಟಿನತ್ತ ಬರುವ ರಸ್ತೆಯನ್ನು ಹತ್ತು ಅಡಿ ಅಗಲಿಸುವುದನ್ನು ಬಿಟ್ಟು, ಕಂಪ್ಯೂಟರಿನಲ್ಲಿ ಸಂಚಾರದ ಮಾದರಿ ಕಟ್ಟುವ ಮಾತೇಕೆ?)

ಮಾನ್ಯರೇ,

ಸಾಲು ನಿಂತಿರುವ ಜಾಗವೇ ರಸ್ತೆ ಇಕ್ಕಟ್ಟಾಗಿರುವ ಜಾಗ ಎಂದು ತಾವು ಭಾವಿಸಿದಂತಿದೆ. ನನ್ನ ತಕರಾರು ಇರುವುದು ಅಲ್ಲಿಯೇ. ತಮ್ಮ ಎಂಟು ನಿಮಿಷವನ್ನೇ ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಉಳಿದ ಅಂಕಿಗಳು ಉದಾಹರಣೆಗಾಗಿ ನಾನು ಊಹಿಸಿಕೊಂಡವು. ನಿಮಿಷಕ್ಕೆ 10 ವಾಹನ ಬರುತ್ತಿದ್ದರೆ ಗೇಟು ತೆರೆಯುವ ಹೊತ್ತಿಗೆ 80 ನಿಂತಿರುತ್ತವೆ. ನಿಮಿಷಕ್ಕೆ 15 ದಾಟಿದರೂ ಹಿಂದಿನಿಂದ 10 ಬರುತ್ತಲೇ ಇರುವುದರಿಂದ ಸಾಲು ಕರಗುವುದು ನಿಮಿಷಕ್ಕೆ ಐದರಂತೆ, ಅಂದರೆ 16 ನಿಮಿಷದಲ್ಲಿ. ಬರುವ ವಾಹನ 10ರಿಂದ 12ಕ್ಕೆ ಏರಿತೆನ್ನಿ. ಆಗ ನಿಂತವು 96, ಕರಗುವುದು ನಿಮಿಷಕ್ಕೆ ಮೂರೇ, ಬೇಕಾಗುವುದು 32 ನಿಮಿಷ. ವಾಹನ ಹೆಚ್ಚಿದ್ದು ಐದರಲ್ಲಿ ಒಂದು ಪಾಲು, ಸಾಲು ಕರಗುವ ಹೊತ್ತು ಮಾತ್ರ ಇಮ್ಮಡಿ.

ಇನ್ನು ಗೇಟಿನ ಬಳಿ ನಡೆಯುವುದನ್ನು ನೋಡಿ. ಮುಚ್ಚಿದೊಡನೆ ಬೈಕಿನವರು ಬಲಕ್ಕೆ ನುಸುಳುತ್ತಾರೆ, ಅವರ ಬೆನ್ನಿಗೆ ಆಟೋ, ಅದರ ಬೆನ್ನಿಗೆ ಕಾರು. ಆಚೆ ಬದಿಯಲ್ಲಿಯೂ ಇದೇ ಆಗಿ, ಗೇಟು ಮೇಲೇಳುವಾಗ ಎರಡು ದಂಡುಗಳು ರಸ್ತೆಯ ಪೂರ್ತಿ ಅಗಲಕ್ಕೆ ಮುಖಾಮುಖಿ ನಿಂತಿರುತ್ತವೆ. ಈ ಜಗ್ಗಾಟದಲ್ಲಿ ದಾಟುವ ವೇಗ 15ರಿಂದ 13ಕ್ಕೆ ಇಳಿದರೆ ಸಾಕು, ಮೇಲಿನ ಲೆಕ್ಕದ 32 ನಿಮಿಷ 96 ಆಗುತ್ತದೆ. ಅಷ್ಟರಲ್ಲಿ ಮುಂದಿನ ರೈಲು ಬಂದಿರುತ್ತದೆ! ತಾವು ಕೇಳುವ ಹತ್ತು ಅಡಿ ಈ ದಂಡಿಗೆ ಇನ್ನೊಂದು ಸಾಲನ್ನು ಸೇರಿಸುವುದೇ ವಿನಾ ಹಳಿಯ ಮೇಲಿನ ಕಿಂಡಿಯನ್ನು ಹಿಗ್ಗಿಸುವುದಿಲ್ಲ. ನಡುವೆ ನೂರು ಮೀಟರ್ ವಿಭಜಕ ಹಾಕಿ ನೋಡುವುದು ಎಷ್ಟೋ ಅಗ್ಗ.

ಗೇಟು ತೆರೆದರೂ ಹಿಂದಿನವರು ಕದಲುವುದಿಲ್ಲವೇಕೆ ಎಂಬುದಕ್ಕೆ 1955ರಲ್ಲಿಯೇ ಲೈಟ್‌ಹಿಲ್ ಮತ್ತು ವಿಥಮ್ ಎಂಬ ಗಣಿತಜ್ಞರು ಉತ್ತರ ಕೊಟ್ಟಿದ್ದಾರೆ. ವಾಹನಗಳ ಹರಿವನ್ನು ಅವರು ಪ್ರವಾಹದಂತೆ ಕಂಡರು. ಚಲನೆ ಮುಂದಿನಿಂದ ಹಿಂದಕ್ಕೆ ಅಲೆಯಾಗಿ ಸಾಗುತ್ತದೆ, ಆ ಅಲೆ ತಲುಪುವವರೆಗೂ ಸಾಲಿನ ಬಾಲ ಬೆಳೆಯುತ್ತಲೇ ಇರುತ್ತದೆ.

ಕಂಪ್ಯೂಟರ್ ಮಾದರಿ ಮಾಡುವುದು ಇದೇ ಲೆಕ್ಕವನ್ನು, ಹಲವು ಕೂಡುರಸ್ತೆಗಳನ್ನು ಜೋಡಿಸಿ. ಆದರೆ ಹೊರದೇಶದ ಅಂಕಿಗಳನ್ನು ಹಾಗೆಯೇ ತುಂಬಿದರೆ ಅದು ನಮ್ಮ ರಸ್ತೆಯಾಗದು. ನಮ್ಮ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಮಾರ್ಗಸೂಚಿಯಲ್ಲಿ, ಸಂಚಾರದ ಮೇಲೆ ಬೀಳುವ ಹೊರೆಯ ಲೆಕ್ಕದಲ್ಲಿ ದ್ವಿಚಕ್ರ ವಾಹನ ಅರ್ಧದಿಂದ ಮುಕ್ಕಾಲು ಕಾರಿಗೆ ಸಮ, ಟ್ರೇಲರ್ ಸಹಿತ ಟ್ರ್ಯಾಕ್ಟರ್ ನಾಲ್ಕರಿಂದ ಐದು ಕಾರಿಗೆ ಸಮ. ಎರಡು ಟ್ರೇಲರಿನಲ್ಲಿ ಕಬ್ಬು ಹೇರಿಕೊಂಡು ಏರು ಹತ್ತುವುದನ್ನು ಕಂಡವರಿಗೆ ಆ ಐದು ಕೂಡ ಕಡಿಮೆಯೆನಿಸೀತು. ಆದ್ದರಿಂದ ಮೊದಲು ಇಲ್ಲಿಯ ಸಾಲಿನ ಉದ್ದವನ್ನು ಅಳೆದು, ಮಾದರಿ ಅದನ್ನೇ ತೋರಿಸುವವರೆಗೂ ತಿದ್ದಬೇಕು. ಆಮೇಲಷ್ಟೇ ಅದರ ಭವಿಷ್ಯದ ಮಾತನ್ನು ನಂಬಬಹುದು.

ಮೇಲ್ಸೇತುವೆಯೇ ಮದ್ದಲ್ಲವೇ ಎಂದು ತಾವು ಕೇಳಬಹುದು. ಗೇಟಿನ ಮಟ್ಟಿಗೆ ಹೌದು. ಆದರೆ ಈವರೆಗೆ ಗೇಟು ತಡೆದು ಬಿಡುತ್ತಿದ್ದ ವಾಹನಗಳೆಲ್ಲ ಸೇತುವೆ ಇಳಿದು ಮುಂದಿನ ವೃತ್ತಕ್ಕೆ ಒಮ್ಮೆಲೇ ಬಂದರೆ ಅಲ್ಲಿಯ ಸಿಗ್ನಲ್ ತಾಳಬಲ್ಲದೇ ಎಂಬುದನ್ನು ಕಾಂಕ್ರೀಟ್ ಸುರಿಯುವ ಮುನ್ನ ನೋಡಬೇಕು. ಅದಕ್ಕೆ ಬೇಕಾದ ಎಣಿಕೆ ಬೇಸಿಗೆ ರಜೆಯಲ್ಲಿ ಬೇಡ. ಶಾಲೆ ನಡೆಯುವ ದಿನ, ಕಬ್ಬಿನ ಹಂಗಾಮಿನಲ್ಲಿ, ಸಂಜೆ ಐದರಿಂದ ಎಂಟರವರೆಗೆ ಗೇಟಿನ ಎರಡೂ ಬದಿಗೆ ನಡೆಯಲಿ.

— ಸಂಪಾದಕ