ಅಮಾನೊ ಸಿಗಡಿ ಮೊಟ್ಟೆ ಹೊತ್ತಿದ್ದರೂ ತೊಟ್ಟಿಯಲ್ಲಿ ಮರಿ ಯಾಕೆ ಕಾಣುವುದಿಲ್ಲ?

ಒಂದೇ ಅಕ್ವೇರಿಯಂ ತೊಟ್ಟಿಯಲ್ಲಿ ಚೆರ್ರಿ ಸಿಗಡಿ ಮರಿ ಹಾಕಿ ಹಾಕಿ ತುಂಬಿಹೋಗಿವೆ, ಅಮಾನೊ ಮಾತ್ರ ಮೂರು ಸಲ ಮೊಟ್ಟೆ ಹೊತ್ತರೂ ಒಂದು ಮರಿಯೂ ಇಲ್ಲ, ಮೀನು ತಿಂದುಬಿಟ್ಟವಾ ಎಂದು ಕೇಳಿದ್ದೀರಿ. ಮೀನುಗಳ ಮೇಲೆ ಅನುಮಾನ ಬೇಡ. ಮೀನೇ ಇಲ್ಲದ ತೊಟ್ಟಿಯಲ್ಲೂ ಇದೇ ಕಥೆ. ಅಮಾನೊ ಮರಿಗೆ ಬೇಕಾಗಿರುವುದು ಉಪ್ಪುನೀರು.

ಚೆರ್ರಿ ಇಪ್ಪತ್ತು ಮೂವತ್ತು ದಪ್ಪ ಮೊಟ್ಟೆ ಇಡುತ್ತದೆ. ಒಳಗಿಂದ ಬರುವುದು ಪೂರ್ತಿ ಬೆಳೆದ ಪುಟ್ಟ ಸಿಗಡಿ. ಅಮಾನೊ ಹೊಟ್ಟೆಯಡಿ ಇರುವುದು ಸಾವಿರಕ್ಕೂ ಜಾಸ್ತಿ, ಸಾಸಿವೆಗಿಂತ ಸಣ್ಣವು. ಬರುವುದು ಲಾರ್ವಾ, ಅಂದರೆ ಇನ್ನೂ ಸಿಗಡಿಯ ರೂಪ ಬಾರದ ಎಳೆಮರಿ. ಜಪಾನ್, ತೈವಾನಿನ ಹೊಳೆಗಳಲ್ಲಿ ತಾಯಿ ಸಿಹಿನೀರಲ್ಲೇ ಅವನ್ನು ಬಿಡುತ್ತದೆ, ಹರಿವು ಅವನ್ನು ಸಮುದ್ರಕ್ಕೆ ಒಯ್ಯುತ್ತದೆ. ಅಲ್ಲಿ ಪಾಚಿಕಣ ತಿಂದು ಬೆಳೆದು, ಸಿಗಡಿಯ ರೂಪ ಬಂದಮೇಲೆ ಹೊಳೆ ಹತ್ತಿ ವಾಪಸ್ ಬರುತ್ತವೆ. ನಿಮ್ಮ ತೊಟ್ಟಿಯಲ್ಲಿ ಸಮುದ್ರ ಇಲ್ಲ, ಹಾಗಾಗಿ ಕೆಲವೇ ದಿನಗಳಲ್ಲಿ ಸಾಯುತ್ತವೆ. ನಮ್ಮ ಹೊಳೆಗಳ ದೊಡ್ಡ ಸಿಗಡಿ, ಸ್ಕ್ಯಾಂಪಿ ಅಂತ ಮಾರುತ್ತಾರಲ್ಲ, ಅದರದ್ದೂ ಹೆಚ್ಚುಕಡಿಮೆ ಇದೇ ಬಾಳು. ಆದರೆ ಅದರ ಲಾರ್ವಾಕ್ಕೆ ಲೀಟರಿಗೆ ಸುಮಾರು 12 ಗ್ರಾಂ ಉಪ್ಪು ಸಾಕು. ಆ ಗುಟ್ಟು ಗೊತ್ತಾಗಿದ್ದೇ 1960ರ ದಶಕದ ಆರಂಭದಲ್ಲಿ, ಮಲೇಷ್ಯಾದಲ್ಲಿ ವಿಜ್ಞಾನಿ ಶಾವೊ-ವೆನ್ ಲಿಂಗ್ ಮಾಡಿದ ಕೆಲಸದಿಂದ. ಅಮಾನೊಗೆ ನಾನು ಪೂರ್ತಿ ಸಮುದ್ರದಷ್ಟೇ ಕೊಡುತ್ತೇನೆ, ಲೀಟರಿಗೆ 35 ಗ್ರಾಂ.

ಅಂದಹಾಗೆ, ಹಳೆಯ ಬರಹ ಹುಡುಕುವಾಗ ಕ್ಯಾರಿಡಿನಾ ಜಪೋನಿಕಾ ಎಂಬ ವೈಜ್ಞಾನಿಕ ಹೆಸರು ಸಿಕ್ಕರೆ ಗಾಬರಿಯಾಗಬೇಡಿ. ಅದೂ ಇದೇ. 2006ರಿಂದ ಕ್ಯಾರಿಡಿನಾ ಮಲ್ಟಿಡೆಂಟಾಟಾ ಎನ್ನುತ್ತಾರೆ. ಅಮಾನೊ ಎಂಬುದು 1980ರ ದಶಕದಲ್ಲಿ ಇದನ್ನು ಪಾಚಿ ತಿನ್ನಿಸಲು ನೀರುಗಿಡ ಬೆಳೆಸುವ ಅಕ್ವೇರಿಯಂಗಳಿಗೆ ತಂದ ಜಪಾನಿನ ಅಕ್ವೇರಿಯಂ ವಿನ್ಯಾಸಕ ತಕಾಶಿ ಅಮಾನೊ ಅವರ ಹೆಸರು.

ಮನೆಯಲ್ಲಿ ಮರಿ ಮಾಡಬಹುದಾ? ಮಾಡಬಹುದು. ನಾನು ಮೂರನೇ ಸಲಕ್ಕೆ ಗೆದ್ದೆ. ಎಲ್ಲರೂ ಉಪ್ಪಿನ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಉಪ್ಪು ಸುಲಭ. ಕಷ್ಟ ಇರುವುದು ಊಟದಲ್ಲಿ.

ಮೊದಲ ಸಲ ನಾನು ಕೋಳಿಮೊಟ್ಟೆಯ ಹಳದಿ, ಸ್ಪಿರುಲಿನಾ ಎಂಬ ಒಣಪಾಚಿಯ ಪುಡಿ ಕದಡಿ ಹಾಕಿದೆ. ನಾಲ್ಕನೇ ದಿನ ಅಡುಗೆಮನೆಯಲ್ಲಿ ಕೊಳೆತ ವಾಸನೆ. ಮನೆಯವರು ಏನಂದರು ಅಂತ ಬರೆಯುವುದಿಲ್ಲ. ಲಾರ್ವಾಕ್ಕೆ ಬೇಕಾದ್ದು ಜೀವಂತ ಪಾಚಿ, ಅಂದರೆ ಹಸಿರುನೀರು. ಕರಾವಳಿ ಕಡೆ ಮರಿ ಬೆಳೆಸುವ ಹ್ಯಾಚರಿಯಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಟೆಟ್ರಾಸೆಲ್ಮಿಸ್ ಎಂಬ ಪಾಚಿಯನ್ನು ಒಂದು ಬಾಟಲಿ ತಂದುಕೊಟ್ಟ. ಎರಡು ಲೀಟರಿನ ಖಾಲಿ ಸೋಡಾ ಬಾಟಲಿಗಳಲ್ಲಿ ಉಪ್ಪುನೀರು, ಒಂದೆರಡು ಹನಿ ಗೊಬ್ಬರ, ಏರ್ ಪಂಪಿನ ಒಂದು ಕೊಳವೆ, ಪಕ್ಕದಲ್ಲಿ ಎಲ್‌ಇಡಿ ಬಲ್ಬು. ವಾರದೊಳಗೆ ಪಾಲಕ್ ರಸದ ಬಣ್ಣ ಬಂತು. ಅರ್ಧ ಬಳಸಿ, ಅಷ್ಟೇ ಹೊಸ ಉಪ್ಪುನೀರು, ಗೊಬ್ಬರ ಹಾಕಿದರೆ ಮತ್ತೆ ಹಸಿರು. ಯಾವಾಗಲೂ ಎರಡು ಮೂರು ಬಾಟಲಿ ಇರಲಿ, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ.

ಉಪ್ಪು ಅಂದರೆ ಅಡುಗೆ ಉಪ್ಪಲ್ಲ, ಅಕ್ವೇರಿಯಂ ಅಂಗಡಿಯ ಸಮುದ್ರದ ಉಪ್ಪಿನ ಪುಡಿ. ಹತ್ತು ಲೀಟರ್ ತೊಟ್ಟಿಗೆ 350 ಗ್ರಾಂ. ಹಿಂದಿನ ದಿನವೇ ಕಲಸಿಡಿ.

ಮೊಟ್ಟೆ ನಾಲ್ಕರಿಂದ ಆರು ವಾರ ಹೊಟ್ಟೆಯಡಿ ಇರುತ್ತವೆ. ಕಡುಹಸಿರು ಹೋಗಿ ಮಂಕು ಹಳದಿಯಾಗಿ, ಒಳಗೆ ಕಣ್ಣಿನ ಚುಕ್ಕೆ ಕಂಡರೆ ತಾಯಿಯನ್ನು ಸಿಹಿನೀರಿನ ಬೇರೆ ಡಬ್ಬಕ್ಕೆ ಹಾಕಿ. ನನ್ನದು ಒಂದು ರಾತ್ರಿ ಬಿಟ್ಟಿತು. ಬೆಳಗ್ಗೆ ನೋಡಿದರೆ ನೀರು ಖಾಲಿ ಅನ್ನಿಸಿತು. ದೀಪ ಆರಿಸಿ ಟಾರ್ಚನ್ನು ಒಂದು ಮೂಲೆಗೆ ಹಿಡಿದೆ. ಒಂದೆರಡು ನಿಮಿಷದಲ್ಲಿ ಆ ಮೂಲೆಯಲ್ಲಿ ಬಿಸಿಲಕೋಲಿನ ಧೂಳಿನ ಹಾಗೆ ಏನೋ ಕುಣಿಯತೊಡಗಿತು. ಹತ್ತಿರದಿಂದ ನೋಡಿದರೆ ಒಂದೊಂದೂ ಎರಡು ಮಿಲಿಮೀಟರಿನ ಗಾಜಿನ ಚೂರು, ತಲೆ ಕೆಳಗೆ, ಬಾಲ ಮೇಲೆ, ಎಳೆದೆಳೆದು ಈಜು. ಲಾರ್ವಾ ಬೆಳಕಿಗೆ ಬರುತ್ತವೆ, ಹಿಡಿಯಲು ಇದಕ್ಕಿಂತ ಉಪಾಯ ಇಲ್ಲ. ಬಲೆ ಬೇಡ. ಏರ್ ಪಂಪಿನ ತೆಳು ಕೊಳವೆಯಿಂದ ಹೀರಿ ನೇರ ಉಪ್ಪುನೀರಿಗೆ ಬಿಟ್ಟೆ, ಏನೂ ಆಗಲಿಲ್ಲ. ಎರಡನೇ ದಿನದೊಳಗೆ ಬಿಡಿ, ಕಾಯಬೇಡಿ. ತಾಯಿ ವಾಪಸ್ ತನ್ನ ತೊಟ್ಟಿಗೆ.

ಆಮೇಲೆ ಬೋರಿಂಗ್ ಕೆಲಸ. ದೀಪ ಹಗಲೂ ರಾತ್ರಿ. ಗಾಳಿ ಮೆಲ್ಲಗೆ, ದಪ್ಪ ಗುಳ್ಳೆ ಬರುವ ಹಾಗೆ. ಫಿಲ್ಟರ್ ಬೇಡ, ಎಳೆದುಕೊಂಡುಬಿಡುತ್ತದೆ. ನೀರಿನ ಬಣ್ಣ ತಿಳಿಯಾದರೆ ಹಸಿರುನೀರು ಹಾಕಿ. ಆವಿಯಾಗಿ ಕಡಿಮೆಯಾದ ನೀರಿಗೆ ಸಿಹಿನೀರೇ ಸೇರಿಸಿ, ಇಲ್ಲದಿದ್ದರೆ ಉಪ್ಪು ಏರುತ್ತಾ ಹೋಗುತ್ತದೆ.

ಎರಡನೇ ಸಲ ನಾನು ಸೋತದ್ದು ಕೊನೇ ಮೆಟ್ಟಿಲಲ್ಲಿ. ಸುಮಾರು ಒಂದು ತಿಂಗಳಾದಾಗ ಕೆಲವು ತಲೆಕೆಳಗಾಗಿ ಈಜುವುದು ಬಿಟ್ಟು ಗಾಜಿಗೆ ಅಂಟಿ ಕೂತವು. ಪಕ್ಕಾ ಸಿಗಡಿ. ವಾರಾಂತ್ಯ ಊರಿಗೆ ಹೋಗಿ ಬಂದು ಬದಲಿಸೋಣ ಅಂದುಕೊಂಡೆ. ಸೋಮವಾರ ಬಂದು ನೋಡಿದರೆ ಅವೆಲ್ಲ ತಳದಲ್ಲಿ ಬೆಳ್ಳಗೆ ಬಿದ್ದಿದ್ದವು. ರೂಪ ಬದಲಾದ ಮೇಲೆ ಉಪ್ಪು ಅವಕ್ಕೆ ಆಗುವುದಿಲ್ಲ. ಮೂರನೇ ಸಲ ದಿನಾ ರಾತ್ರಿ ನೋಡಿ, ಕೂತವನ್ನು ಅವತ್ತೇ ಎತ್ತಿದೆ. ಒಂದು ಲೋಟ ಉಪ್ಪುನೀರಿಗೆ ಹಾಕಿ, ಎರಡು ಮೂರು ಗಂಟೆ ಸಿಹಿನೀರು ಹನಿಸಿ, ಪಾಚಿ ಕಟ್ಟಿದ ಚಿಕ್ಕ ತೊಟ್ಟಿಗೆ ಬಿಟ್ಟೆ. ಮೊದಲನೆಯದು 32ನೇ ದಿನ, ಕೊನೆಯದು 47ನೇ ದಿನ. ಒಟ್ಟು ಉಳಿದದ್ದು 43.

ಸಾವಿರದಲ್ಲಿ 43 ಅಷ್ಟೇನಾ ಅನ್ನಬಹುದು. ಉಪ್ಪು, ಕರೆಂಟು, ಪಾಚಿ ಎಲ್ಲ ಲೆಕ್ಕ ಹಾಕಿದರೆ ಅಂಗಡಿಯಲ್ಲೇ ಕೊಳ್ಳುವುದು ಅಗ್ಗ. ದುಡ್ಡಿಗೆ ಅಂತಾದರೆ ಸುಮ್ನೆ ಚೆರ್ರಿಯನ್ನೇ ಸಾಕಿ. ಕುತೂಹಲಕ್ಕೆ ಅಂತಾದರೆ, ನಿಮ್ಮ ಹೆಣ್ಣು ಈಗ ಮತ್ತೆ ಮೊಟ್ಟೆ ಹೊತ್ತಿದೆ ಅಂದಿರಲ್ವಾ, ಇನ್ನೂ ಕಡುಹಸಿರಾಗಿದ್ದರೆ ಮೂರ್ನಾಲ್ಕು ವಾರ ಸಮಯ ಇದೆ. ತೊಟ್ಟಿ ಆಮೇಲೆ ತಂದರಾಯಿತು, ಹಸಿರುನೀರಿನ ಬಾಟಲಿ ಈ ವಾರವೇ ಶುರು ಮಾಡಿ.