ಇಸಿಟಿ ನಡೆಯುವಾಗ ನಿದ್ದೆಯೇ ಬೇಡವಾದರೆ?

ಪ್ರಶ್ನೆ: ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. 32 ವರ್ಷದ ತಮ್ಮ ಖಿನ್ನತೆಯಿಂದ ಊಟವನ್ನೇ ಬಿಟ್ಟಿದ್ದ. ರಾಯಚೂರಿನಲ್ಲಿ ಇಸಿಟಿ (ಅರಿವಳಿಕೆ ಕೊಟ್ಟು, ತಲೆಗೆ ಸ್ವಲ್ಪ ಕರೆಂಟ್ ಹಾಯಿಸಿ ಫಿಟ್ಸ್ ಬರಿಸುವ ಚಿಕಿತ್ಸೆ) ಕೊಡಿಸುತ್ತಿದ್ದೇವೆ. ಐದನೇ ಸಲದ ನಂತರ ರಾತ್ರಿ ಮೂರು ಗಂಟೆ ಮಲಗಿದರೆ ಹೆಚ್ಚು. ಮಾತು ನಿಲ್ಲುವುದಿಲ್ಲ. ಇಪ್ಪತ್ತು ಎಕರೆ ಲೀಸಿಗೆ ಹಿಡಿದು ಭತ್ತ ಹಚ್ಚುತ್ತೇನೆ ಅಂತಾನೆ. ಹುಷಾರಾದ ಅಂತ ಮನೆಯವರಿಗೆ ಖುಷಿ, ನನಗೆ ಭಯ. ಇಸಿಟಿ ನಿಲ್ಲಿಸಬೇಕಾ?

ಉತ್ತರ: ನೀವು ಭಯಪಟ್ಟಿದ್ದು ಒಳ್ಳೆಯದೇ ಆಯಿತು. ಮುಂದಿನ ಇಸಿಟಿವರೆಗೆ ಕಾಯದೆ ಇವತ್ತೇ ಡಾಕ್ಟರಿಗೆ ತಿಳಿಸಿ. ಖಿನ್ನತೆ ಇಳಿದಾಗ ಸಾಮಾನ್ಯವಾಗಿ ನಿದ್ದೆ ಸರಿಯಾಗುತ್ತದೆ. ಮಲಗದಿದ್ದರೂ ಸುಸ್ತಿಲ್ಲ, ಹುರುಪು ಜಾಸ್ತಿ ಅಂದರೆ ಮೇನಿಯಾ (ಮನಸ್ಸು ಅತಿಯಾಗಿ ಉಬ್ಬಿ ಹಿಡಿತ ತಪ್ಪುವ ಸ್ಥಿತಿ) ಶುರುವಾಗಿರಬಹುದು. ಬೈಪೋಲಾರ್ (ಒಮ್ಮೆ ಖಿನ್ನತೆ, ಒಮ್ಮೆ ಮೇನಿಯಾ ಬರುವ ಕಾಯಿಲೆ) ಇರುವವರಲ್ಲಿ ಖಿನ್ನತೆಯ ಮಾತ್ರೆಯಿಂದಲೂ ಹೀಗಾಗುತ್ತದೆ, ಕೆಲವೊಮ್ಮೆ ಇಸಿಟಿಯಿಂದಲೂ ಆಗುತ್ತದೆ.

ಆದರೆ ನೀವಾಗಿಯೇ ನಿಲ್ಲಿಸಬೇಡಿ. ಇಸಿಟಿ ಮೇನಿಯಾವನ್ನೂ ಇಳಿಸುತ್ತದೆ. ಹಾಗಾಗಿ ಡಾಕ್ಟರು ಮುಂದುವರಿಸಬಹುದು, ಇಲ್ಲವೇ ನಿಲ್ಲಿಸಿ ಮೇನಿಯಾದ ಮಾತ್ರೆ ಕೊಡಬಹುದು. ಖಿನ್ನತೆಯ ಮಾತ್ರೆ ನಡೆಯುತ್ತಿದ್ದರೆ ಸಾಮಾನ್ಯವಾಗಿ ಮೊದಲು ಅದನ್ನು ತೆಗೆಯುತ್ತಾರೆ.

ಇನ್ನೊಂದು ಮಾತು. ಇಸಿಟಿ ನಂತರ ಕೆಲವರಿಗೆ ಗಲಿಬಿಲಿಯಾಗಿ ಸುಮ್ನೆ ನಗುತ್ತಾರೆ, ಅದು ಮೇನಿಯಾ ಅಲ್ಲ. ಇವತ್ತು ಯಾವ ವಾರ, ನಾವೀಗ ಯಾವ ಊರಲ್ಲಿದ್ದೇವೆ ಅಂತ ತಮ್ಮನನ್ನು ಕೇಳಿ. ತಡವರಿಸಿದರೆ ಅದನ್ನೂ ಡಾಕ್ಟರಿಗೆ ಹೇಳಿ. ಆಗ ಎರಡು ಇಸಿಟಿಗಳ ನಡುವಿನ ಅಂತರ ಹೆಚ್ಚಿಸುವುದುಂಟು.

ಹಿಂದೆ ಯಾವಾಗಲಾದರೂ ವಾರಗಟ್ಟಲೆ ನಿದ್ದೆಗೆಟ್ಟು, ಕೈಬಿಚ್ಚಿ ಖರ್ಚು ಮಾಡಿ, ಎಲ್ಲರ ಮೇಲೆ ರೇಗಾಡಿದ್ದನೇ? ಅಮ್ಮನನ್ನು ಕೇಳಿ ನೋಡಿ. "ಆಗ ಚೆನ್ನಾಗೇ ಇದ್ದ" ಅಂತ ಮನೆಯವರು ಇದನ್ನು ಡಾಕ್ಟರಿಗೆ ಹೇಳುವುದೇ ಇಲ್ಲ. ಇಡೀ ಚಿಕಿತ್ಸೆಯ ದಾರಿ ಬದಲಿಸುವ ಮಾಹಿತಿ ಇದು.

ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಲಿಥಿಯಂ, ವಾಲ್‌ಪ್ರೋಯೇಟ್ ಎರಡೂ ಮನಸ್ಸಿನ ಏರಿಳಿತ ತಡೆಯುವ ಮಾತ್ರೆಗಳು. ಲಿಥಿಯಂ ಇದ್ದರೆ ಇಸಿಟಿ ನಂತರ ಗಲಿಬಿಲಿ ಹೆಚ್ಚಬಹುದು. ವಾಲ್‌ಪ್ರೋಯೇಟ್ ಇದ್ದರೆ ಇಸಿಟಿಗೆ ಬೇಕಾದ ಫಿಟ್ಸ್ ಸರಿಯಾಗಿ ಬರದೇ ಹೋಗಬಹುದು. ಅದಕ್ಕೇ ಹಿಂದಿನ ರಾತ್ರಿಯ ಡೋಸ್ ಬಿಡಿಸುವುದುಂಟು, ಆದರೆ ಡಾಕ್ಟರು ಹೇಳದೆ ನೀವಾಗಿಯೇ ಬಿಡಬೇಡಿ.

ಮುಂದೆ ಲಿಥಿಯಂ ಬರೆದುಕೊಟ್ಟರೆ ನಮ್ಮ ರಾಯಚೂರು ಬಿಸಿಲನ್ನು ಮರೆಯಬೇಡಿ. ಬೆವರು ಸುರಿದು ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಿಂದಲೂ ಏರುತ್ತದೆ. ವಾಂತಿ, ಭೇದಿ, ಜೋರು ಕೈನಡುಕ, ತೂರಾಟ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಸದ್ಯಕ್ಕೆ ಎಟಿಎಂ ಕಾರ್ಡ್, ಬೈಕ್ ಕೀಲಿ ನಿಮ್ಮ ಹತ್ತಿರ ಇರಲಿ. ಲೀಸಿನ ಕಾಗದಕ್ಕೆ ಸಹಿ ಬೇಡ. ರಾತ್ರಿ ಕೈಮೀರಿದರೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಸಲಹೆ ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಫೋನ್ ಉಚಿತ, ಕನ್ನಡದಲ್ಲೇ ಮಾತಾಡಬಹುದು.